ಗ್ಯಾಸ್‌ಲೈಟಿನ ಮ್ಯಾಂಟಲ್ ಸುಟ್ಟ ಮೇಲೆ ಬೆಳಗುವುದೇಕೆ?

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಗ್ಯಾಸ್‌ಲೈಟ್ ಒಂದಿದೆ. ಊರಿನ ಗದ್ದೆಯಲ್ಲಿ ಬಯಲಾಟವಾದಾಗ ರಂಗಸ್ಥಳಕ್ಕೆ ಇದನ್ನೇ ಒಯ್ಯುತ್ತಿದ್ದರಂತೆ. ಇದರೊಳಗೆ ಕಟ್ಟುವ ಬಟ್ಟೆಯ ಜಾಲರಿ, ಅಂದರೆ ಮ್ಯಾಂಟಲ್, ಮೊದಲ ಸಲ ಹೊತ್ತಿಸಿದಾಗಲೇ ಸುಟ್ಟು ಬೂದಿಯಾಗುತ್ತದೆ. ಆಮೇಲೆ ಅದು ಬೆಳಗುವುದಾದರೂ ಹೇಗೆ? ಕಂಡುಹಿಡಿದವರು ಯಾರು? ಈಗ ಇದನ್ನು ಮತ್ತೆ ಹೊತ್ತಿಸಬಹುದೇ?
(ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ಗ್ಯಾಸ್‌ಲೈಟಿನಲ್ಲಿ ಬೆಳಕು ಕೊಡುವುದು ಉರಿಯಲ್ಲ, ತಾವು ಹೇಳಿದ ಆ ಬೂದಿಯೇ. ಚಿಮಿಣಿ ದೀಪದ ಹಳದಿ ಬೆಳಕು ಉರಿಯೊಳಗೆ ಕಾದು ಹೊಳೆಯುವ ಮಸಿಯ ಕಣಗಳದ್ದು. ಗ್ಯಾಸ್‌ಲೈಟಿನಲ್ಲಾದರೋ, ಪಂಪು ಹೊಡೆದು ತುಂಬಿಸಿದ ಗಾಳಿಯ ಒತ್ತಡಕ್ಕೆ ಚಿಮಿಣಿ ಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಮಸಿಯಿಲ್ಲದ ನೀಲಿ ಉರಿಯಾಗುತ್ತದೆ. ಈ ಉರಿಗೆ ಶಾಖ ಹೆಚ್ಚು, ಬೆಳಕು ಕಡಿಮೆ. ಆ ಶಾಖವನ್ನು ಬೆಳಕಾಗಿಸುವ ಕೆಲಸ ಮ್ಯಾಂಟಲಿನದು.

ಇದನ್ನು ರೂಪಿಸಿದವರು ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ಲವಣಗಳ ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ಸುಟ್ಟರೆ ನೂಲು ಹೋದರೂ ಲೋಹದ ಆಕ್ಸೈಡುಗಳು ಅದೇ ಹೆಣಿಗೆಯ ಆಕಾರದಲ್ಲಿ ಉಳಿಯುತ್ತವೆ ಎಂಬುದೇ ಅವರ ಉಪಾಯದ ತಿರುಳು. 1885ರಲ್ಲಿ ಪೇಟೆಂಟ್ ಪಡೆದ ಮೊದಲ ಮ್ಯಾಂಟಲ್ ಹಸಿರು ಛಾಯೆಯ ಬೆಳಕು ಬೀರುತ್ತಿತ್ತು, ಬೇಗ ಪುಡಿಯಾಗುತ್ತಿತ್ತು. ಜನ ಅದನ್ನು ಒಪ್ಪಲಿಲ್ಲ. 1891ರಲ್ಲಿ ಅವರು ಶೇ. 99 ಥೋರಿಯಂ ಆಕ್ಸೈಡಿಗೆ ಶೇ. 1 ಸೀರಿಯಂ ಆಕ್ಸೈಡ್ ಬೆರೆಸಿದಾಗ ಅಚ್ಚ ಬಿಳಿ ಬೆಳಕು ಸಿಕ್ಕಿತು. ಬರಿಯ ಥೋರಿಯಂ ಮಂಕು. ಸೀರಿಯಂ ಹೆಚ್ಚಾದರೂ ಬೆಳಕು ಕುಗ್ಗುತ್ತದೆ. ಆ ಒಂದು ಪಾಲನ್ನು ಹುಡುಕಿದ ತಾಳ್ಮೆಯನ್ನು ನಾನು ಬಲ್ಬಿನ ಆವಿಷ್ಕಾರಕ್ಕಿಂತ ಕಡಿಮೆಯೆಂದು ಎಣಿಸಲಾರೆ. ಮೊದಲು ಯುರೋಪಿನ ಬೀದಿಗಳ ಅನಿಲದೀಪಗಳಲ್ಲಿದ್ದ ಮ್ಯಾಂಟಲ್, 20ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಅವರ ಪೆಟ್ರೋಮ್ಯಾಕ್ಸಿನ ಮೂಲಕ ವಿದ್ಯುತ್ತಿಲ್ಲದ ಊರುಗಳನ್ನೂ ತಲುಪಿತು.

ಇನ್ನೊಂದು ಸಂಗತಿ ನಮ್ಮ ಕಡಲಿಗೇ ಸೇರಿದ್ದು. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಇರುವುದನ್ನು ಜರ್ಮನ್ ರಸಾಯನಶಾಸ್ತ್ರಜ್ಞ ಶಾಂಬರ್ಗ್ 1909ರಲ್ಲಿ ಗುರುತಿಸಿದರು. ಥೋರಿಯಂ ಸಿಗುವುದು ಮುಖ್ಯವಾಗಿ ಆ ಖನಿಜದಿಂದ ಆದ್ದರಿಂದ, ಪಶ್ಚಿಮ ಕರಾವಳಿಯ ಮರಳು ಮ್ಯಾಂಟಲ್ ಉದ್ಯಮಕ್ಕೆ ಹಡಗೇರಿತು.

ದೊಂದಿಯ ಬೆಳಕಿನ ಬಯಲಾಟ ಗ್ಯಾಸ್‌ಲೈಟಿಗೆ ಬಂದ ಮೇಲೆ, ದೂರದಲ್ಲಿ ಚಾಪೆ ಹಾಸಿ ಕುಳಿತವರಿಗೂ ವೇಷಗಳ ಮುಖವರ್ಣಿಕೆ ಸ್ಪಷ್ಟವಾಯಿತು. ಆದರೆ ರಾಳದ ಪುಡಿ ಎರಚಿದಾಗ ಭುಗಿಲೇಳುತ್ತಿದ್ದ ದೊಂದಿಯ ಉರಿಯಲ್ಲಿ ರಕ್ಕಸರ ಬಣ್ಣದ ವೇಷಕ್ಕೆ ಬರುತ್ತಿದ್ದ ಭೀಕರತೆ ಈ ನಿಶ್ಚಲವಾದ ಬಿಳಿ ಬೆಳಕಿಗೆ ದಕ್ಕದೆಂದೇ ನನ್ನ ಭಾವನೆ.

ತಮ್ಮ ದೀಪವನ್ನು ಖಂಡಿತ ಹೊತ್ತಿಸಬಹುದು. ಪಂಪಿನ ಮತ್ತು ಮುಚ್ಚಳದ ವಾಶರುಗಳು ಒಣಗಿ ಬಿರಿದಿರುವ ಸಂಭವ ಹೆಚ್ಚು. ಅವನ್ನು ಬದಲಿಸಿ, ಎಣ್ಣೆ ಸೋರದೆಂದು ಖಚಿತವಾದ ಮೇಲೆಯೇ ಅಂಗಳದಲ್ಲಿಟ್ಟು ಹಚ್ಚಿರಿ. ಥೋರಿಯಂ ಸ್ವಲ್ಪಮಟ್ಟಿಗೆ ವಿಕಿರಣಶೀಲವಾದ್ದರಿಂದ ಈಗ ಹಲವು ತಯಾರಕರು ಯಿಟ್ರಿಯಂ ಬಳಸುತ್ತಾರೆ. ಹಳೆಯ ಮ್ಯಾಂಟಲಿನ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಕೈ ತೊಳೆದುಕೊಳ್ಳಿ. ತೂತುಬಿದ್ದ ಮ್ಯಾಂಟಲನ್ನು ಮಾತ್ರ ಉಳಿಸಿಕೊಳ್ಳಬಾರದು. ತೂತಿನಿಂದ ಹೊರನುಗ್ಗುವ ಉರಿ ನೇರವಾಗಿ ತಗುಲಿದರೆ ಗಾಜು ಒಡೆಯುತ್ತದೆ.