ಮನೆಯಲ್ಲೇ ಒಂಬತ್ತನೇ ತರಗತಿ: ಟಿ.ಸಿ. ತರುವ ಮುನ್ನ

ಪ್ರಶ್ನೆ: ನಮ್ಮ ಮಗಳು ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದರಿಂದ ಎಂಟನೇ ತರಗತಿಯವರೆಗೆ ಓದಿದ್ದಾಳೆ. ಕಳೆದ ತಿಂಗಳು ಅವಳಿಗೆ 14 ತುಂಬಿತು. ಇನ್ನು ಮುಂದಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರಲು ದಿನಕ್ಕೆ ಮೂರು ಗಂಟೆ ಬೇಕು. ತಾನೇ ಕುಳಿತು ಓದುವ ಹುಡುಗಿ. ಮನೆಯಲ್ಲೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾನು ಬಿ.ಎಸ್ಸಿ. ಓದಿದ್ದೇನೆ. ಹೀಗೆ ಮಾಡಿದರೆ ಹತ್ತನೆಯದರ ಪ್ರಮಾಣಪತ್ರ ಸಿಗುತ್ತದೆಯೆ? ಪಿಯುಸಿ ವಿಜ್ಞಾನಕ್ಕೆ ಅಡ್ಡಿಯಾಗುವುದಿಲ್ಲವೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಪ್ರಮಾಣಪತ್ರದ ಬಗ್ಗೆ ನಿಮಗಿರುವ ಆತಂಕ ದೊಡ್ಡದಲ್ಲ. 2009ರ ಕಡ್ಡಾಯ ಶಿಕ್ಷಣ ಕಾಯ್ದೆ 6ರಿಂದ 14 ವರ್ಷದವರಿಗೆ ಸಂಬಂಧಿಸಿದ್ದು. ನಿಮ್ಮ ಮಗಳು ಆ ವಯಸ್ಸನ್ನು ದಾಟಿದ್ದಾಳೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 14 ತುಂಬಿದವರನ್ನು ಹತ್ತನೇ ತರಗತಿಗೆ ಸೇರಿಸಿಕೊಳ್ಳುತ್ತದೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ ಸೇರಿ ಆರು ವಿಷಯಗಳಿದ್ದರೆ ಅಲ್ಲಿ ಐದು ಸಾಕು, ಕನ್ನಡವನ್ನೂ ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದು. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುವುದರಿಂದ ಎಲ್ಲ ವಿಷಯಗಳನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಪಿಯುಸಿ ವಿಜ್ಞಾನದ ಆಸೆಯಿದ್ದರೆ ಗಣಿತ ಮತ್ತು ವಿಜ್ಞಾನವನ್ನು ಮಾತ್ರ ಬಿಡಬೇಡಿ. ಕಷ್ಟವೆಂದು ಅವುಗಳ ಬದಲು ಸುಲಭದ ವಿಷಯ ಆರಿಸಿಕೊಂಡವರು ಆಮೇಲೆ ಕಾಲೇಜಿನ ಬಾಗಿಲಲ್ಲಿ ಪೇಚಾಡಿದ್ದನ್ನು ಕಂಡಿದ್ದೇನೆ.

ನೀವು ಕೇಳದೆ ಬಿಟ್ಟ ವಿಷಯವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮುಂದೆ ಸಿಇಟಿ ಬರೆಯುವಾಗ ಗ್ರಾಮೀಣ ಅಭ್ಯರ್ಥಿ ಅಥವಾ ಕನ್ನಡ ಮಾಧ್ಯಮದ ಅಭ್ಯರ್ಥಿ ಎಂಬ ಮೀಸಲಾತಿಯನ್ನು ಕೇಳಬೇಕಾದರೆ, ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ 10 ವರ್ಷ ಅಂಥ ಶಾಲೆಯಲ್ಲಿ ಓದಿದ ದಾಖಲೆ ಬೇಕು. ಎಂಟು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿ ಉಳಿದೆರಡು ವರ್ಷಕ್ಕಾಗಿ ಈ ಎರಡೂ ಸೌಲಭ್ಯಗಳನ್ನು ಕೈಬಿಡುವುದು ಸಣ್ಣ ನಷ್ಟವೇನಲ್ಲ. ಮೀಸಲಾತಿಯಿಲ್ಲದೆ ಸಿಇಟಿ ಮೂಲಕ ಸೀಟು ಕೇಳುವ ಸಾಮಾನ್ಯ ಅರ್ಹತೆಗೆ ಕರ್ನಾಟಕದಲ್ಲಿ ಏಳು ವರ್ಷದ ವ್ಯಾಸಂಗ ಸಾಕಾಗುವುದರಿಂದ, ಆಕೆ ಪಿಯುಸಿಯನ್ನು ಇಲ್ಲಿಯೇ ಮುಗಿಸಿದರೆ ಆ ಮಟ್ಟಿಗೆ ನೀವು ನಿಶ್ಚಿಂತರಾಗಿರಬಹುದು. ಎಂಜಿನಿಯರಿಂಗ್, ಕೃಷಿ ವಿಜ್ಞಾನದಂಥ ಕೋರ್ಸುಗಳ ಆಲೋಚನೆ ಮನೆಯಲ್ಲಿ ಇದ್ದರೆ, ಬಸ್ಸಿನ ಮೂರು ಗಂಟೆಯನ್ನು ತೂಗುವಾಗ ಇದನ್ನೂ ತಕ್ಕಡಿಯಲ್ಲಿಡಿ. ಹತ್ತಿರದಲ್ಲಿ ಸರ್ಕಾರಿ ಹಾಸ್ಟೆಲ್ ಇದ್ದರೆ ಅದನ್ನೂ ಒಮ್ಮೆ ನೋಡಿ ಬನ್ನಿ.

ಇಷ್ಟೆಲ್ಲ ತಿಳಿದೂ ಮನೆಯೇ ಸರಿ ಎಂದು ನಿಮಗೆ ತೋರಿದರೆ, ಪಾಠಕ್ಕಿಂತ ಪರೀಕ್ಷೆಯ ಅಭ್ಯಾಸವೇ ನಿಮ್ಮ ದೊಡ್ಡ ಕೆಲಸ. ಪರಿಚಿತರ ಮಗನೊಬ್ಬ ಹೀಗೆ ಓದಿದವನು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಅವನನ್ನು ಕೂರಿಸಿದಾಗ ಐದು ಅಂಕದ ಒಂದೇ ಪ್ರಶ್ನೆಗೆ ಚಿತ್ರ ಬಿಡಿಸಿ, ಅದಕ್ಕೆ ಪೆನ್ಸಿಲಿನಿಂದ ನೆರಳು ಕೊಟ್ಟು, ನಲವತ್ತು ನಿಮಿಷ ಕಳೆದ. ಉತ್ತರ ಚೆನ್ನಾಗಿಯೇ ಇತ್ತು, ಆದರೆ ಕೊನೆಯ ನಾಲ್ಕು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಮನೆಯಲ್ಲಿ ಗಂಟೆ ಬಾರಿಸುವವರು ಯಾರೂ ಇರುವುದಿಲ್ಲವಲ್ಲ! ಆದ್ದರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಗಡಿಯಾರ ಎದುರಿಗಿಟ್ಟು ಪೂರ್ತಿ ಪತ್ರಿಕೆ ಬರೆಸಿ; ತಿದ್ದುವ ಕೆಲಸವನ್ನು ನೀವು ಮಾಡದೆ ಪರಿಚಯದ ಮೇಷ್ಟ್ರೊಬ್ಬರಿಗೆ ಒಪ್ಪಿಸಿ, ಏಕೆಂದರೆ ತಾಯಿಯ ಕಣ್ಣಿಗೆ ಅರ್ಧ ಉತ್ತರವೂ ಪೂರ್ತಿಯಾಗಿ ಕಾಣುತ್ತದೆ. ವಿಜ್ಞಾನದ ಪ್ರಾಯೋಗಿಕ ತರಗತಿಗಳು ಅಧ್ಯಯನ ಕೇಂದ್ರದಲ್ಲಿ ನಡೆಯುತ್ತವೆ. ಆ ಕೇಂದ್ರ ಎಷ್ಟು ದೂರದಲ್ಲಿದೆ, ಪ್ರಯೋಗಶಾಲೆ ನಿಜವಾಗಿ ತೆರೆದಿರುತ್ತದೆಯೆ ಎಂದು ಖುದ್ದಾಗಿ ಹೋಗಿ ನೋಡಿ.

ಅದಾದ ಮೇಲೆ ಟಿ.ಸಿ.ಗೆ ಅರ್ಜಿ ಕೊಡಿ. ಅದರೊಂದಿಗೇ ಎಂಟೂ ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಬರೆಸಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯನ್ನೂ ಹಾಕಿಸಿ ಇಟ್ಟುಕೊಳ್ಳಿ.