ಕಡಿಮೆ ಬಜೆಟ್‌ನಲ್ಲಿ ನಂಬಬಹುದಾದ ರಿಸೆಲ್ಲರ್ ಹೋಸ್ಟಿಂಗ್ ಆರಿಸಿಕೊಳ್ಳುವುದು ಹೇಗೆ?

ನೀವು ಗದಗದಲ್ಲಿ ಒಬ್ಬರೇ ವೆಬ್‌ಸೈಟ್ ಮಾಡಿಕೊಡುತ್ತಿದ್ದೀರಿ, ಸದ್ಯ 12 ಗ್ರಾಹಕರಿದ್ದಾರೆ, ಅವರಲ್ಲಿ ಮುದ್ರಣಾಲಯಗಳು, ಬೆಟಗೇರಿಯ ಸೀರೆ ವ್ಯಾಪಾರಿಗಳು, ಒಂದು ಪಿಯು ಕಾಲೇಜು ಸೇರಿವೆ, ಎಲ್ಲವನ್ನೂ ಒಂದೇ ರಿಸೆಲ್ಲರ್ ಖಾತೆಗೆ (ಕಂಪನಿಯಿಂದ ಸರ್ವರಿನ ಜಾಗವನ್ನು ಒಟ್ಟಿಗೆ ಬಾಡಿಗೆಗೆ ಪಡೆದು ಗ್ರಾಹಕರಿಗೆ ಹಂಚುವ ಖಾತೆ) ತರಬೇಕೆಂದಿದ್ದೀರಿ. ತಿಂಗಳಿಗೆ 400 ರೂಪಾಯಿಯ ಪ್ಲಾನ್ ಸಾಕೇ ಅಥವಾ 1,000 ರೂಪಾಯಿಯದೇ ಬೇಕೇ, ಯಾರನ್ನು ನಂಬಬೇಕು ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವನು, ಎರಡು ಸಲ ತಪ್ಪು ಜಾಗದಲ್ಲಿ ಹಣ ಕಟ್ಟಿದವನು. ಕಂಪನಿಯ ಹೆಸರನ್ನು ಸೂಚಿಸುವುದಿಲ್ಲ, ಏಕೆಂದರೆ ಹೋಸ್ಟಿಂಗ್ ಕಂಪನಿಗಳು ಕೈ ಬದಲಾಗುತ್ತಲೇ ಇರುತ್ತವೆ ಮತ್ತು ಇಂದು ಚೆನ್ನಾಗಿರುವುದು ಮಾಲೀಕರು ಬದಲಾದ ಮೇಲೆ ಹಾಗೆಯೇ ಉಳಿಯುತ್ತದೆಂಬ ಖಾತ್ರಿಯಿಲ್ಲ. ಯಾವ ಕಂಪನಿಯಾದರೂ ಸರಿ, ಹಣ ಕಟ್ಟುವ ಮೊದಲು ಅಲ್ಲಿಂದ ಹೊರಬರುವ ದಾರಿ ನಿಮ್ಮ ಕೈಯಲ್ಲಿದೆಯೇ ಎಂಬುದನ್ನು ನೋಡಿಕೊಳ್ಳಿ. ನನ್ನ ಮಟ್ಟಿಗೆ ಉಳಿದೆಲ್ಲ ಪರೀಕ್ಷೆಗಳೂ ಅದರ ನಂತರದವು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ, “ನಿನ್ನಿ ಸಂಜಿಂದ ಒಂದೂ ಮೇಲ್ ಬರವಲ್ದು ನೋಡ್ರಿ ಸರ” ಎಂದರು. ಅದು ಜನವರಿ ತಿಂಗಳು, ಮಾರುಕಟ್ಟೆಗೆ ಚೀಲಗಳು ಒಂದರ ಮೇಲೊಂದು ಬಂದು ಬೀಳುವ ಕಾಲ. ಹೊರರಾಜ್ಯದ ಖರೀದಿದಾರರ ಜೊತೆ ಅವರ ವ್ಯವಹಾರವೆಲ್ಲ ಮೇಲ್‌ನಲ್ಲಿಯೇ ನಡೆಯುತ್ತಿತ್ತು. ಲ್ಯಾಪ್‌ಟಾಪ್ ತೆರೆದು ನೋಡಿದರೆ ರಿಸೆಲ್ಲರ್ ತನ್ನ ಗ್ರಾಹಕರ ಖಾತೆಗಳನ್ನೆಲ್ಲ ನಿಭಾಯಿಸುವ ಡಬ್ಲ್ಯುಎಚ್‌ಎಂನ ಲಾಗಿನ್ ಪುಟವೇ ಬರಲಿಲ್ಲ. ಕಂಪನಿಗೆ ಟಿಕೆಟ್ (ಸಹಾಯ ಕೋರುವ ಲಿಖಿತ ಸಂದೇಶ) ಹಾಕಿದ 19 ಗಂಟೆಗಳ ನಂತರ ಎರಡು ಸಾಲಿನ ಉತ್ತರ ಬಂದಿತು: ಡಿಸ್ಕ್ ಕೆಟ್ಟುಹೋಗಿದೆ, ಬ್ಯಾಕಪ್ ಕೂಡ ಅದೇ ಸರ್ವರಿನಲ್ಲಿ ಇತ್ತು. ನಾಲ್ಕು ತಿಂಗಳ ಹಳೆಯ ಒಂದು ಪ್ರತಿ ನನ್ನ ಬಳಿ ಇದ್ದುದರಿಂದ ಸೈಟನ್ನು ಮತ್ತೆ ನಿಲ್ಲಿಸಿದೆ, ಆದರೆ ಅವರು ವೆಬ್‌ಮೇಲ್ ಒಂದನ್ನೇ ಬಳಸುತ್ತಿದ್ದುದರಿಂದ ಮೂರು ವರ್ಷದ ಪತ್ರವ್ಯವಹಾರ ಪೂರ್ತಿ ಹೋಯಿತು. ಎರಡು ದಿನ ಅವರ ಅಂಗಡಿಯಲ್ಲಿ ಕುಳಿತು ಹಳೆಯ ಬಿಲ್ ಪುಸ್ತಕಗಳನ್ನು ತಿರುವಿ ಖರೀದಿದಾರರ ವಿಳಾಸಗಳನ್ನು ಮತ್ತೆ ಬರೆದುಕೊಂಡೆ. ನಮ್ಮನ್ನು ನಂಬಿದ ಮನುಷ್ಯನಿಗೆ ಹಾಗೆ ಆಗಬಾರದಿತ್ತು.

ಇದು ಸಣ್ಣ ಕಂಪನಿಗಳಲ್ಲಿ ಮಾತ್ರ ಆಗುವುದೆಂದು ಭಾವಿಸಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಒಂದು ಬೆಂಕಿಗೆ ಸಿಕ್ಕಿ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟುಕೊಂಡಿದ್ದ ಅನೇಕ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಆದ್ದರಿಂದ ಕಂಪನಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ, ಬ್ಯಾಕಪ್ ಇದೆಯೇ ಎಂಬುದಲ್ಲ. ಅದು ಯಾವ ಊರಿನ ಯಾವ ಯಂತ್ರದಲ್ಲಿದೆ, ಎಷ್ಟು ದಿನಗಳ ಪ್ರತಿಗಳಿರುತ್ತವೆ, ರಿಸೆಲ್ಲರ್ ಆದ ನಾನೇ ಟಿಕೆಟ್ ಹಾಕದೆ ಅದನ್ನು ಮರಳಿ ಪಡೆಯಬಹುದೇ ಎಂಬುದು. ಜೆಟ್‌ಬ್ಯಾಕಪ್‌ನಂಥ ಸಾಧನವನ್ನು ಕೊಟ್ಟಿದ್ದರೆ ಒಂದು ಫೈಲನ್ನೋ ಒಂದು ಮೇಲ್‌ಬಾಕ್ಸನ್ನೋ ನೀವೇ ಹಿಂದಕ್ಕೆ ತಂದುಕೊಳ್ಳಬಹುದು. ಇನ್ನೊಂದು ಸೂಕ್ಷ್ಮ ವಿಷಯವಿದೆ: ಪ್ರತಿ ಸೈಟಿನ ಫೈಲು, ಮೇಲ್‌ಗಳನ್ನು ನಿಭಾಯಿಸುವ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನಿಂದ ಇಳಿಸಿಕೊಂಡ ಫುಲ್ ಬ್ಯಾಕಪ್ಪನ್ನು ಸಿಪ್ಯಾನೆಲ್‌ನ ಒಳಗಿನಿಂದಲೇ ಮರಳಿ ಹಾಕಲು ಬರುವುದಿಲ್ಲ, ಸರ್ವರಿನ ಮೇಲೆ ಹೆಚ್ಚಿನ ಅಧಿಕಾರವಿರುವವರು ಹಾಕಬೇಕು. ಹಾಗಾಗಿ ನಾನು ಫುಲ್ ಬ್ಯಾಕಪ್ ಜೊತೆಗೆ ಸೈಟಿನ ಫೈಲುಗಳೆಲ್ಲ ಇರುವ ಹೋಮ್ ಡೈರೆಕ್ಟರಿಯನ್ನೂ ಡೇಟಾಬೇಸಿನ ಎಸ್‌ಕ್ಯುಎಲ್ ಫೈಲನ್ನೂ ಬೇರೆಯಾಗಿ ಇಳಿಸಿಕೊಳ್ಳುತ್ತೇನೆ. ಈ ಎರಡಿದ್ದರೆ ಸೈಟನ್ನು ಯಾವ ಕಂಪನಿಯ ಸರ್ವರಿನಲ್ಲಾದರೂ ನಿಲ್ಲಿಸಬಹುದು. ಪ್ರತಿ ಭಾನುವಾರ ರಾತ್ರಿ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿಗೆ, ಇನ್ನೊಂದು ಆನ್‌ಲೈನ್ ಸಂಗ್ರಹಕ್ಕೆ ಹೋಗುತ್ತದೆ, ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದನ್ನು ನಿಜವಾಗಿಯೂ ಬೇರೆ ಕಡೆ ಹಾಕಿ ತೆರೆಯುತ್ತದೆಯೇ ಎಂದು ನೋಡುತ್ತೇನೆ.

ಈಗ ನಿಮ್ಮ 400 ಮತ್ತು 1,000 ರೂಪಾಯಿಯ ಲೆಕ್ಕಕ್ಕೆ ಬರೋಣ. ಶೇ. 18 ಜಿಎಸ್‌ಟಿ ಸೇರಿಸಿದರೆ ಮೊದಲನೆಯದು ವರ್ಷಕ್ಕೆ 5,664 ರೂಪಾಯಿ, ಎರಡನೆಯದು 14,160 ರೂಪಾಯಿ ಆಗುತ್ತದೆ. 12 ಸೈಟಿಗೆ ಹಂಚಿದರೆ ಒಂದು ಸೈಟಿಗೆ ತಿಂಗಳಿಗೆ ಬೀಳುವ ವ್ಯತ್ಯಾಸ 59 ರೂಪಾಯಿ. ಹೀಗೆ ನೋಡಿದಾಗ ಗ್ರಾಹಕರಿಂದ ವರ್ಷಕ್ಕೆ ಏಳೆಂಟು ನೂರು ರೂಪಾಯಿ ಹೆಚ್ಚು ಕೇಳುವುದು ಕಷ್ಟವೆನಿಸುವುದಿಲ್ಲ. ಸಿಪ್ಯಾನೆಲ್ ಲೈಸೆನ್ಸಿನ ಬೆಲೆ 2019ರಿಂದ ಖಾತೆಗಳ ಸಂಖ್ಯೆಯ ಮೇಲೆ ನಿಗದಿಯಾಗುತ್ತಿದೆ, ಅನಂತರವೂ ಹಲವು ಸಲ ಏರಿದೆ. ಆದ್ದರಿಂದ ತೀರ ಕಡಿಮೆ ಬೆಲೆಗೆ ಎಷ್ಟು ಬೇಕಾದರೂ ಸಿಪ್ಯಾನೆಲ್ ಖಾತೆ ಕೊಡುತ್ತೇವೆ ಎನ್ನುವವರು ಲೈಸೆನ್ಸಿನ ಹಣವನ್ನು ಬೇರೆಲ್ಲೋ ಉಳಿಸುತ್ತಿರುತ್ತಾರೆ, ಹೆಚ್ಚಾಗಿ ಒಂದೇ ಸರ್ವರಿಗೆ ಮಿತಿ ಮೀರಿ ಸೈಟುಗಳನ್ನು ತುಂಬಿ. ಬಜೆಟ್ ನಿಜಕ್ಕೂ ಬಿಗಿಯಾಗಿದ್ದರೆ ಸಿಪ್ಯಾನೆಲ್‌ನಂಥದೇ ಇನ್ನೊಂದು ಫಲಕವಾದ ಡೈರೆಕ್ಟ್‌ಅಡ್ಮಿನ್ ಇರುವ ಪ್ಲಾನ್ ನೋಡಿ. ಲೈಸೆನ್ಸ್ ಅಗ್ಗವಾಗಿರುವುದರಿಂದ ಅದೇ ಹಣಕ್ಕೆ ಒಳ್ಳೆಯ ಸರ್ವರ್ ಸಿಗುವ ಸಾಧ್ಯತೆ ಹೆಚ್ಚು, ಒಂದು ವಾರದಲ್ಲಿ ಕೈಗೆ ರೂಢಿಯಾಗುತ್ತದೆ. ಜಾಹೀರಾತಿನಲ್ಲಿ ಕಾಣುವುದು ಮೊದಲ ಅವಧಿಯ ದರವಾದ್ದರಿಂದ ನವೀಕರಣದ ದರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲ ಮೂರು ತಿಂಗಳು ತಿಂಗಳು ತಿಂಗಳಿಗೇ ಕಟ್ಟಿ, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಸಿಗುವ ರಿಯಾಯಿತಿಗೆ ಮನಸ್ಸು ಮಾಡಬೇಡಿ.

ಡಿಸ್ಕ್ ಜಾಗವನ್ನು ಎಲ್ಲರೂ ದೊಡ್ಡದಾಗಿ ಬರೆಯುತ್ತಾರೆ, ಆದರೆ ನಿಮಗೆ ತೊಂದರೆ ಕೊಡುವುದು ಬೇರೆ ಮಿತಿಗಳು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ಮಾಡಿಸುವ ಒಂದು ಕೋಚಿಂಗ್ ಸಂಸ್ಥೆಯ ಸೈಟು ನನ್ನ ಬಳಿ ಇದೆ. ಅವರು ತಮ್ಮ ಪ್ರವೇಶ ಪರೀಕ್ಷೆಯ ಫಲಿತಾಂಶವನ್ನು ಸಂಜೆ ಐದಕ್ಕೆ ಹಾಕಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಲಿಂಕ್ ಕಳಿಸಿದ ಎರಡೇ ನಿಮಿಷಕ್ಕೆ ಪುಟದ ಜಾಗದಲ್ಲಿ 508 ಸಂಖ್ಯೆಯ ಎರರ್ ಬಂದಿತು, ಅಂದರೆ ಆ ಖಾತೆಗೆ ಕೊಟ್ಟ ಸಂಪನ್ಮೂಲದ ಮಿತಿ ಮುಗಿದಿತ್ತು. ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಸರ್ವರಿನಲ್ಲಿ ಪ್ರತಿ ಖಾತೆಗೂ ಸಿಪಿಯು, ಮೆಮೊರಿ, ಡಿಸ್ಕ್ ಓದುವ ವೇಗ ಮತ್ತು ಎಂಟ್ರಿ ಪ್ರೋಸೆಸ್ ಎಂಬ ಮಿತಿಗಳಿರುತ್ತವೆ. ನನ್ನ ಪ್ಲಾನಿನಲ್ಲಿ ಎಂಟ್ರಿ ಪ್ರೋಸೆಸ್ 20 ಇತ್ತು, ಅಂದರೆ ಒಂದೇ ಕ್ಷಣದಲ್ಲಿ 20 ಪಿಎಚ್‌ಪಿ ಕೋರಿಕೆಗಳಷ್ಟೇ ಒಳಗೆ ಹೋಗಬಹುದಿತ್ತು. ಫಲಿತಾಂಶದ ಪಟ್ಟಿಯನ್ನು ವರ್ಡ್‌ಪ್ರೆಸ್‌ನಿಂದ ತೆಗೆದು ಪಿಎಚ್‌ಪಿ ಬೇಡದ ಸಾದಾ ಎಚ್‌ಟಿಎಂಎಲ್ ಪುಟವಾಗಿ ಹಾಕಿದೆ, ಅದೇ ಸರ್ವರಿನಲ್ಲಿ ಅದೇ ಜನದಟ್ಟಣೆ ಸಲೀಸಾಗಿ ನಡೆಯಿತು. ನಿಮ್ಮ ಪಿಯು ಕಾಲೇಜಿಗೂ ಮೇ ತಿಂಗಳಿನಲ್ಲಿ ಪ್ರವೇಶದ ಸಮಯಕ್ಕೆ ಇದೇ ಬರಬಹುದು. ಈ ಮಿತಿಗಳು ಇರುವುದು ಕೆಟ್ಟದ್ದಲ್ಲ, ಒಬ್ಬರ ಸೈಟು ಉಳಿದ ಹನ್ನೊಂದನ್ನು ಎಳೆದುಕೊಂಡು ಬೀಳದಂತೆ ಕಾಯುವುದೂ ಅವೇ; ಅಂಕಿಗಳನ್ನು ಮುಚ್ಚಿಡುವ ಕಂಪನಿಯೇ ಕೆಟ್ಟದ್ದು. ಜೊತೆಗೆ ಐನೋಡ್ ಮಿತಿಯನ್ನೂ ಕೇಳಿ: ಪ್ರತಿ ಫೈಲು, ಪ್ರತಿ ಫೋಲ್ಡರು, ಸರ್ವರಿನಲ್ಲಿ ಉಳಿದ ಪ್ರತಿ ಮೇಲ್ ಒಂದೊಂದು ಐನೋಡ್ ಆಗುತ್ತದೆ. ಜಾಗ ಅನ್‌ಲಿಮಿಟೆಡ್ ಎಂದು ಬರೆದ ಪ್ಲಾನು ಐನೋಡ್‌ನಲ್ಲಿ ಮೊದಲೇ ಕಟ್ಟಿಹಾಕುವುದುಂಟು.

ನಮ್ಮ ಕಡೆಯ ಸಣ್ಣ ವ್ಯಾಪಾರಿಗೆ ವೆಬ್‌ಸೈಟು ಅರ್ಧ ದಿನ ನಿಂತರೆ ಗೊತ್ತಾಗದೆ ಹೋಗಬಹುದು, ಮೇಲ್ ನಿಂತರೆ ತಕ್ಷಣ ಗೊತ್ತಾಗುತ್ತದೆ. ರಿಸೆಲ್ಲರ್ ಸರ್ವರಿನಲ್ಲಿ ನೂರಾರು ಜನ ಒಂದೇ ಐಪಿ ವಿಳಾಸದಿಂದ ಮೇಲ್ ಕಳಿಸುತ್ತಾರೆ, ಅವರಲ್ಲಿ ಒಬ್ಬರು ಸ್ಪ್ಯಾಮ್ ಕಳಿಸಿದರೂ ಎಲ್ಲರ ಕೊಟೇಶನ್‌ಗಳೂ ಸ್ಪ್ಯಾಮ್ ಫೋಲ್ಡರಿಗೆ ಬೀಳಬಹುದು. ಮೊದಲ ತಿಂಗಳಲ್ಲಿಯೇ ಒಂದು ಪರೀಕ್ಷಾ ಡೊಮೇನ್‌ನಿಂದ ಜಿಮೇಲ್‌ಗೆ ಪತ್ರ ಕಳಿಸಿ, ಅಲ್ಲಿ ಮೂಲ ಸಂದೇಶವನ್ನು ತೆರೆದು ಮೇಲ್ ನಿಜವಾಗಿ ಆ ಡೊಮೇನಿನದೇ ಎಂದು ಪರೀಕ್ಷಿಸುವ ಎಸ್‌ಪಿಎಫ್ ಮತ್ತು ಡಿಕೆಐಎಂ ಎರಡರ ಮುಂದೂ ಪಾಸ್ ಎಂದು ಇದೆಯೇ ನೋಡಿ, ಸರ್ವರಿನ ಐಪಿ ಸ್ಪ್ಯಾಮ್ ಕಳಿಸುವ ವಿಳಾಸಗಳ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿ ಇದೆಯೇ ಎಂದು ಹುಡುಕಿ. ಹೊರಹೋಗುವ ಮೇಲ್ ಅನ್ನು ಬೇರೆ ಫಿಲ್ಟರ್ ಮೂಲಕ ಕಳಿಸುವ ಕಂಪನಿ ಸಿಕ್ಕರೆ ಅದಕ್ಕೆ ನೂರು ರೂಪಾಯಿ ಹೆಚ್ಚು ಕೊಡುವುದರಲ್ಲಿ ನಷ್ಟವಿಲ್ಲ.

ಕಂಪನಿ ನಿಜವಾದದ್ದೇ ಎಂದು ತಿಳಿಯಲು ನಾನು ಎರಡು ಕೆಲಸ ಮಾಡುತ್ತೇನೆ. ಭಾರತದ ಕಂಪನಿಯಾದರೆ ಅದರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದಾಗ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಹತ್ತು ವರ್ಷದ ಅನುಭವವೆಂದು ಬರೆದವರ ನೋಂದಣಿಯೂ ಡೊಮೇನೂ ಎಂಟು ತಿಂಗಳ ಹಿಂದಿನವಾಗಿದ್ದರೆ ಅವರು ಬಹುಶಃ ಇನ್ನೊಬ್ಬರ ರಿಸೆಲ್ಲರ್ ಖಾತೆಯನ್ನೇ ತುಂಡು ಮಾಡಿ ಮಾರುತ್ತಿರುತ್ತಾರೆ. ಎರಡನೆಯದಾಗಿ, ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ, ಎಂಟ್ರಿ ಪ್ರೋಸೆಸ್ ಎಷ್ಟು, ಐನೋಡ್ ಎಷ್ಟು, ಗಂಟೆಗೆ ಎಷ್ಟು ಮೇಲ್ ಕಳಿಸಬಹುದು, ಬ್ಯಾಕಪ್ ಎಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಟಿಕೆಟ್ ಆಗಿ ಕಳಿಸುತ್ತೇನೆ. ತಡವಾಗಿಯಾದರೂ ಅಂಕಿಸಮೇತ ಉತ್ತರ ಬಂದರೆ ಒಳಗೆ ಕೆಲಸ ಗೊತ್ತಿರುವವರಿದ್ದಾರೆ ಎಂದರ್ಥ, ಐದೇ ನಿಮಿಷದಲ್ಲಿ ಬಂದ ಉತ್ತರವು ಜಾಹೀರಾತಿನ ಸಾಲುಗಳನ್ನೇ ಮತ್ತೆ ಹೇಳಿದರೆ ನಾನು ಅಲ್ಲಿಗೇ ಬಿಡುತ್ತೇನೆ. ಇಂಟರ್‌ನೆಟ್ಟಿನಲ್ಲಿರುವ ಅತ್ಯುತ್ತಮ ಹತ್ತು ಕಂಪನಿಗಳಂಥ ಪಟ್ಟಿಗಳಲ್ಲಿ ಹೆಚ್ಚಿನವು ಕಮಿಷನ್ನಿಗಾಗಿ ಬರೆದವು, ಅವುಗಳಿಗೆ ಸಮಯ ಕೊಡಬೇಡಿ. ಸರ್ವರ್ ಮುಂಬೈಯಲ್ಲಿದ್ದರೆ ಒಳ್ಳೆಯದು. 99.9 ಶೇಕಡಾ ಅಪ್‌ಟೈಮ್ ಎಂದರೆ ತಿಂಗಳಿಗೆ 43 ನಿಮಿಷ ನಿಲ್ಲಬಹುದೆಂದು ಅವರೇ ಒಪ್ಪಿಕೊಂಡಂತೆ. ಅದಕ್ಕಿಂತ ಹೆಚ್ಚು ನಿಂತರೂ ಸಾಮಾನ್ಯವಾಗಿ ಸಿಗುವುದು ಆ ತಿಂಗಳ ಬಾಡಿಗೆಯಲ್ಲಿ ಸ್ವಲ್ಪ ಕಡಿತವಷ್ಟೇ.

ಹೊರಬರುವ ದಾರಿಯ ಮಾತು ಹೇಳಿದ್ದೆ. ಗ್ರಾಹಕರ ಡೊಮೇನ್‌ಗಳು ಗ್ರಾಹಕರ ಹೆಸರಿನಲ್ಲಿಯೇ ಇರಲಿ, ಹೋಸ್ಟಿಂಗ್ ಕೊಡುವ ಕಂಪನಿಯಲ್ಲಿ ಡೊಮೇನ್ ಕೊಳ್ಳಬೇಡಿ. ನಿಮ್ಮ ಸ್ವಂತ ಡೊಮೇನಿನಲ್ಲಿ ಎನ್‌ಎಸ್‌1, ಎನ್‌ಎಸ್‌2 ಎಂದು ಖಾಸಗಿ ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರಿನಲ್ಲಿದೆ ಎಂದು ತಿಳಿಸುವ ಯಂತ್ರದ ಹೆಸರು) ಮಾಡಿಕೊಂಡು ಹನ್ನೆರಡೂ ಡೊಮೇನ್‌ಗಳನ್ನು ಅದಕ್ಕೆ ಕಟ್ಟಿ. ನಾಳೆ ಕಂಪನಿ ಬದಲಿಸಬೇಕಾದರೆ ಆ ಎರಡು ಹೆಸರುಗಳ ಐಪಿ ವಿಳಾಸವನ್ನು ನಿಮ್ಮ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಟ್ಟ ಕಂಪನಿ) ಬಳಿ ಬದಲಿಸಿದರೆ ಮುಗಿಯಿತು, ಹನ್ನೆರಡು ಜನರ ಬಳಿ ಪಾಸ್‌ವರ್ಡ್ ಕೇಳಿಕೊಂಡು ಹೋಗಬೇಕಿಲ್ಲ.

ಸ್ಥಳಾಂತರವನ್ನು ಒಂದೇ ರಾತ್ರಿ ಮಾಡಬೇಡಿ. ಎರಡು ದಿನ ಮೊದಲು ಡೊಮೇನಿನ ವಿಳಾಸ ಹೇಳುವ ಡಿಎನ್‌ಎಸ್ ದಾಖಲೆಗಳ ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ, ಮೊದಲು ನಿಮ್ಮದೇ ಸೈಟನ್ನು, ಒಂದು ವಾರ ಬಿಟ್ಟು ಮೇಲ್ ಬಳಕೆ ಕಡಿಮೆ ಇರುವ ಒಂದು ಮುದ್ರಣಾಲಯದ ಸೈಟನ್ನು, ಆಮೇಲೆ ಉಳಿದವನ್ನು ಒಯ್ಯಿರಿ. ಸೀರೆ ವ್ಯಾಪಾರಿಗಳನ್ನು ದೀಪಾವಳಿ ಮುಗಿಯುವವರೆಗೆ ಮುಟ್ಟಬೇಡಿ. ಹಳೆಯ ಪ್ಲಾನನ್ನು ಕೊನೆಯ ಸೈಟು ಹೋದ ಮೇಲೂ ಒಂದು ತಿಂಗಳು ಚಾಲ್ತಿಯಲ್ಲಿಡಿ, ಏಕೆಂದರೆ ಹಳೆಯ ಸರ್ವರಿಗೆ ಬಂದು ಬಿದ್ದ ಒಂದೆರಡು ಮೇಲ್‌ಗಳು ಅಲ್ಲಿಯೇ ಸಿಗುತ್ತವೆ.