ಮಗಳಿಗೆ ಐದು ವರ್ಷ ಕಾಯಬೇಕಾಗಿಲ್ಲ

ಡಲ್ಲಾಸ್‌ನಲ್ಲಿದ್ದೇವೆ, ಯಜಮಾನರ ಕೆಲಸ ಹೋಯಿತು, ಗ್ರೀನ್ ಕಾರ್ಡ್ ಬಂದು ಎರಡೇ ವರ್ಷ, ಆರು ವರ್ಷದ ಮಗಳಿಗೆ ಈಗಲೇ 'ಚಿಪ್' (ಮಕ್ಕಳ ಸರ್ಕಾರಿ ಆರೋಗ್ಯ ವಿಮೆ) ಸಿಗುತ್ತದಾ ಅಂತ ಕೇಳಿದ್ದೀರಿ. ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ ಮೇಡಂ. ಗ್ರೀನ್ ಕಾರ್ಡ್ ಬಂದ ಮೇಲೆ ಇಂಥ ಸರ್ಕಾರಿ ವಿಮೆಗೆ ಐದು ವರ್ಷ ಕಾಯುವ ನಿಯಮ 1996ರದ್ದು. ಮಕ್ಕಳ ಮಟ್ಟಿಗೆ ಅದನ್ನು ಕೈಬಿಡುವ ಅವಕಾಶ ರಾಜ್ಯಗಳಿಗೆ 2009ರಲ್ಲಿ ಸಿಕ್ಕಿತು, ಟೆಕ್ಸಾಸ್ ಬಳಸಿಕೊಂಡಿದೆ. ದೊಡ್ಡವರ ವಿಷಯಕ್ಕೆ ಬಂದರೆ ಮಾತ್ರ ಈ ರಾಜ್ಯ ಬಲು ಜಿಪುಣ.

'ಯುವರ್ ಟೆಕ್ಸಾಸ್ ಬೆನಿಫಿಟ್ಸ್' ತಾಣದಲ್ಲಿ ಒಂದೇ ಅರ್ಜಿ ಸಾಕು. ಇಲ್ಲಾ 211ಕ್ಕೆ ಫೋನ್ ಮಾಡಿ. ಮೆಡಿಕೇಡೋ (ಇನ್ನೂ ಕಡಿಮೆ ಆದಾಯದವರ ಸರ್ಕಾರಿ ವಿಮೆ) ಚಿಪ್ಪೋ ಅಂತ ಅವರೇ ತೀರ್ಮಾನಿಸುತ್ತಾರೆ. ಹಳೇ ಸಂಬಳ ಬರೆಯಬೇಡಿ, ಈಗಿನ ತಿಂಗಳ ಆದಾಯ ಬರೆಯಿರಿ. ನಿರುದ್ಯೋಗ ಭತ್ಯೆ ಬರುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಚಿಪ್ ಆದರೆ ಇಡೀ ಮನೆಗೆ ವರ್ಷಕ್ಕೆ ಹೆಚ್ಚೆಂದರೆ 50 ಡಾಲರ್ ಶುಲ್ಕ, ಡಾಕ್ಟರ ಹತ್ತಿರ ಹೋದಾಗ ನಮ್ಮ ಪಾಲಿನದು ಅಂತ ಒಂದಿಷ್ಟು ಕೋಪೇ.

ನಾವು ಎಡವಿದ್ದು ಹೆಸರಿನಲ್ಲಿ. ಮಗನ ಗ್ರೀನ್ ಕಾರ್ಡಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ನಾನು ಅಭ್ಯಾಸಬಲದಿಂದ ಅರ್ಜಿಯಲ್ಲಿ ಊರಿನ ಹೆಸರು ಬರೆದಿದ್ದೆ! ಸುಮ್ನೆ ಮೂರು ವಾರ ಹೋಯಿತು. ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ತುಂಬಿ.

ನಿಮ್ಮಿಬ್ಬರ ದಾರಿ ಬೇರೆ: ಕಂಪನಿ ವಿಮೆ ನಿಂತ 60 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ (ಖಾಸಗಿ ವಿಮೆ ಕೊಳ್ಳುವ ಸರ್ಕಾರಿ ತಾಣ) ಅರ್ಜಿ ಹಾಕಿಬಿಡಿ.